ಇಪ್ಪತ್ತೇಳು ಪದಕದ ಕೋಟು

ಹೋದ ವಾರ ಮದ್ದೂರು ಸ್ಟೇಷನ್ನಿನ ಎದುರಿಗಿರುವ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬರು ಜೊತೆಯವರಿಗೆ ಹಳೇ ಕಾಲದ ಕಥೆ ಹೇಳುತ್ತಿದ್ದರು. ನಮ್ಮೂರಲ್ಲಿ ಒಬ್ಬ ನಟ ಇದ್ದನಂತೆ, ಟಾಕಿಯಲ್ಲೂ ಬಂದಿದ್ದನಂತೆ, ಎದೆ ತುಂಬ ಬೆಳ್ಳಿ ಪದಕ ಹಾಕಿಕೊಂಡು ಮೆರೆಯುತ್ತಿದ್ದನಂತೆ. ಒಂದು ದಿನ ಮಂಡ್ಯದ ಸನ್ಮಾನದಲ್ಲಿ ನೋಡಿದರೆ ಎಲ್ಲ ರಟ್ಟು, ಬೇಗಡೆ! ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೇಳಿದ ಪುಣ್ಯಾತ್ಮರು ಆ ಸನ್ಮಾನದ ಹೊತ್ತಿಗೆ ಹುಟ್ಟಿಯೂ ಇರಲಿಲ್ಲ. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಕೋಪ ಬಂದಿದ್ದರೆ ಅಲ್ಲೇ ಜಗಳ ಆಡುತ್ತಿದ್ದೆ. ನನಗೆ ಬಂದದ್ದು ನಾಚಿಕೆ. ಆ ರಟ್ಟಿನ ಪದಕಗಳನ್ನು ಕತ್ತರಿಸಿ, ಹೊಳೆಯುವ ಬೇಗಡೆ ಹಾಳೆ ಅಂಟಿಸಿ, ಕೋಟಿಗೆ ಸಿಕ್ಕಿಸಿದವನು ನಾನು. ಅವು ಅಲ್ಲಿಗೆ ಹೇಗೆ ಬಂದವು ಎಂದು ತಿಳಿದವರು ಇಬ್ಬರೇ ಇದ್ದೆವು. ಆ ನಟರು ತೀರಿಹೋಗಿ ಎಷ್ಟೋ ವರ್ಷವಾಯಿತು. ಉಳಿದಿರುವುದು ನಾನೊಬ್ಬ, ಅದೂ ಎಷ್ಟು ದಿನವೋ ಗೊತ್ತಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಐವತ್ತು ವರ್ಷ ಮದ್ದೂರಿನ ಪೇಟೆ ಬೀದಿಯಲ್ಲಿ ಬಟ್ಟೆ ಹೊಲಿದವನು ನಾನು. ಈಗ ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕೂಗಬೇಕು. ಪೆನ್ನು ಹಿಡಿಯಲು ಯಾರನ್ನೂ ಕೂಗಬೇಕಾಗಿಲ್ಲ. ಆ ನಟರ ಹೆಸರನ್ನು ಬರೆಯುವುದಿಲ್ಲ. ಬದುಕಿದ್ದಾಗ ಊರೆಲ್ಲ ಮೇಷ್ಟ್ರು ಎನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತಿದ್ದೆ. ಇಲ್ಲೂ ಹಾಗೇ ಇರಲಿ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ ಅವರು ಮೊದಲ ಸಲ ನನ್ನ ಅಂಗಡಿ ಮೆಟ್ಟಿಲು ಹತ್ತಿದರು. ಹುಟ್ಟಿದ್ದು ಮಳವಳ್ಳಿ, ಬೆಳೆದದ್ದು ನಾಟಕದ ಕಂಪನಿಗಳಲ್ಲಿ. ಇಪ್ಪತ್ತು ವರ್ಷ ರಾಜನ ಪಾರ್ಟು ಮಾಡಿದ್ದರು. ಸೇಲಂಗೆ ಹೋಗಿ ಎರಡು ಟಾಕಿ ಸಿನಿಮಾದಲ್ಲಿ ನಾಯಕರಾಗಿದ್ದರು. ಮೊದಲನೆಯದು ಮೈಸೂರಿನಲ್ಲಿ ಹತ್ತು ವಾರ ಓಡಿತ್ತು. ಹುಬ್ಬಳ್ಳಿ ಕಡೆ ಇವರು ರೈಲಿಳಿದರೆ ಜನ ಮುತ್ತಿಕೊಳ್ಳುತ್ತಿದ್ದರಂತೆ. ಮಳವಳ್ಳಿಯಲ್ಲಿ ಮಾತ್ರ ಇವರನ್ನು ಕಂಡರೆ, ನಿಮ್ಮಪ್ಪನಿಗೆ ಮಂಡಿನೋವು ವಾಸಿಯಾಯಿತೇ ಎಂದು ಕೇಳುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ. ಕಂಪನಿ ಮುಚ್ಚಿದ ಮೇಲೆ, ರೈಲು ಹತ್ತಿರ ಇರಲಿ, ಯಾರಾದರೂ ಕರೆದರೆ ಹೊರಟುಬಿಡಬಹುದು ಎಂದು ಮದ್ದೂರಿನಲ್ಲಿ ಮನೆ ಮಾಡಿದ್ದರು.

ಅವತ್ತು ಬಂದದ್ದು ಒಂದು ಕರಿ ಕೋಟು ಹೊಲಿಸುವುದಕ್ಕೆ. ಎದೆಗೆ ಟೇಪು ಹಿಡಿದೆ. ಹಿಡಿದ ಕೂಡಲೇ ಮನುಷ್ಯ ಉಸಿರು ಎಳೆದುಕೊಂಡು ಎದೆ ಉಬ್ಬಿಸಿ ನಿಂತುಬಿಟ್ಟರು. ನಲವತ್ತು ಇಂಚು. ನನಗೂ ಹಟ. ಟೇಪು ಬಿಡದೆ ಹಾಗೇ ನಿಂತೆ. ಎಷ್ಟು ಹೊತ್ತು ಉಸಿರು ಕಟ್ಟಿಯಾರು! ಕೊನೆಗೆ, ಉಸಿರು ಬಿಡಿ ಮೇಷ್ಟ್ರೇ, ನಾನು ಪಿಚ್ಚರು ತೆಗೆಯೋನಲ್ಲ, ಬಟ್ಟೆ ಹೊಲಿಯೋನು ಅಂದೆ. ನಕ್ಕುಬಿಟ್ಟರು, ನಗುವಾಗ ಉಸಿರು ಹೋಯಿತು. ಮೂವತ್ತೆಂಟು ಎಂದು ನನ್ನ ಅಳತೆ ಪುಸ್ತಕದಲ್ಲಿ ಬರೆದುಕೊಂಡೆ. ಆಮೇಲೆ ಪ್ರತಿ ವರ್ಷವೂ ಇದೇ ಆಟ.

ಆ ಕೋಟು ಹೊಲಿಸಿದ್ದು ಪದಕ ತೊಡುವುದಕ್ಕೆ. ಈಗಿನವರಿಗೆ ಪದಕದ ಗತ್ತು ಗೊತ್ತಿಲ್ಲ. ಆಗ ನಾಟಕ ಮೆಚ್ಚಿದವರು ಬೆಳ್ಳಿಯಲ್ಲಿ ಪದಕ ಮಾಡಿಸಿ, ಆಟದ ನಡುವೆಯೇ ರಂಗಕ್ಕೆ ಹತ್ತಿ ನಟನ ಎದೆಗೆ ಚುಚ್ಚುತ್ತಿದ್ದರು. ಆಟ ನಿಲ್ಲುತ್ತಿತ್ತು. ಹಾರ್ಮೋನಿಯಂನವನು ಸುಮ್ಮನೆ ಸ್ವರ ಹಿಡಿದಿರುತ್ತಿದ್ದ. ಕೊಟ್ಟವರ ಹೆಸರು, ಅವರ ಅಪ್ಪನ ಹೆಸರು, ಊರು ಎಲ್ಲ ಕೂಗಿ ಹೇಳಿದ ಮೇಲೆ ರಾಜ ಮತ್ತೆ ಅಳಬೇಕು. ಮೇಷ್ಟ್ರ ಹತ್ತಿರ ಇಂಥವು ಇಪ್ಪತ್ತೇಳು ಇದ್ದವು. ಒಂದು ಅರಮನೆಯಿಂದ ಬಂದದ್ದು, ಒಂದು ಟಾಕಿಯವರು ಕೊಟ್ಟದ್ದು, ಹುಬ್ಬಳ್ಳಿಯ ವರ್ತಕರದು, ಮಳವಳ್ಳಿಯ ಸಂತೆಯವರದು. ಎಲ್ಲ ಸೇರಿ ಒಂದೂವರೆ ಸೇರು ಅಕ್ಕಿಯಷ್ಟು ತೂಕ. ಸಾಮಾನ್ಯ ಕೋಟಾದರೆ ಜೋತುಬಿದ್ದು ಹರಿದೇ ಹೋಗುತ್ತಿತ್ತು. ನಾನು ಒಳಗೆ ಎರಡು ಪದರ ಕ್ಯಾನ್ವಾಸು ಕೊಟ್ಟು, ಭುಜಕ್ಕೆ ಪಟ್ಟಿ ಹಾಕಿ, ಎಡಬಲ ಸೇರಿ ಐದು ಸಾಲಾಗಿ ಕೂರಿಸಿದೆ. ಅದನ್ನು ತೊಟ್ಟು ಅವರು ನಡೆದರೆ ಎತ್ತಿನ ಕೊರಳಿನ ಹಾಗೆ ಸದ್ದಾಗುತ್ತಿತ್ತು.

ಎಲ್ಲಕ್ಕಿಂತ ಮೇಲೆ, ಕಾಲರಿನ ಹತ್ತಿರ ಇದ್ದದ್ದು ಎಲ್ಲಕ್ಕಿಂತ ಚಿಕ್ಕದು. ಒಂದು ಎಂಟಾಣೆ ಬೆಳ್ಳಿ ನಾಣ್ಯಕ್ಕೆ ಕೊಂಡಿ ಬೆಸೆದದ್ದು, ಅಷ್ಟೆ. ಅರಮನೆಯದನ್ನು ಕೆಳಗಿಟ್ಟು ಇದನ್ನು ಯಾಕೆ ಮೇಲಿಡುತ್ತೀರಿ ಎಂದು ಕೇಳಿದೆ. ಅಂಗಿಯ ಗುಂಡಿ ಬಿಚ್ಚಿ ಎಡ ಎದೆಯ ಮೇಲೆ ಒಂದು ಸಣ್ಣ ಕಲೆ ತೋರಿಸಿದರು.

ಒಮ್ಮೆ ಚಿಕ್ಕರಸಿನಕೆರೆಯಲ್ಲಿ ಇವರ ಆಟ. ರಾಜ ಸತ್ತು ರಂಗದ ಮೇಲೆ ಬಿದ್ದಿದ್ದಾನೆ, ರಾಣಿ ಪಾರ್ಟಿನವನು ಅಳುತ್ತಿದ್ದಾನೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ ತಡೆಯಲಾರದೆ ಎದ್ದು, ಬಿಕ್ಕುತ್ತಾ ಬಂದು, ಈ ನಾಣ್ಯವನ್ನು ಸತ್ತವನ ಎದೆಗೇ ಚುಚ್ಚಿದ. ಕಣ್ಣಲ್ಲಿ ನೀರು, ಕೈ ನಡುಗುತ್ತಿದೆ. ಪಿನ್ನು ಅಂಗಿ ದಾಟಿ ಮಾಂಸಕ್ಕೆ ಇಳಿಯಿತು. ಮೇಷ್ಟ್ರು ಮಿಸುಕಲಿಲ್ಲ. ಮುದುಕನ ಹೆಸರು ಕೂಗಿದರು, ಚಪ್ಪಾಳೆ ಆಯಿತು, ರಾಣಿ ಮತ್ತೆ ಮೊದಲಿನಿಂದ ಅತ್ತಳು, ಹಾಡೂ ಹಾಡಿದಳು. ಪರದೆ ಬೀಳುವ ತನಕ ರಕ್ತ ಇಳಿಯುತ್ತಲೇ ಇತ್ತಂತೆ. ನೋವಾಗಲಿಲ್ಲವೇ ಎಂದೆ.

“ಆಗ್ದೆ ಇರ್ತದಾ? ಸತ್ತೋನು ಉಸ್ ಅಂದ್ರೆ ನಾಟ್ಕನೇ ಸತ್ತೋಯ್ತದೆ ಕಣ್ ಸಾಬ್ರೆ,” ಅಂದರು.

ಅದನ್ನು ಕೇಳಿದ ಮೇಲೆ ನಾನು ಒಂದು ಪಿನ್ನನ್ನೂ ಉಳಿಸಲಿಲ್ಲ. ಇಪ್ಪತ್ತೇಳಕ್ಕೂ ಹಿತ್ತಾಳೆಯ ಕೊಕ್ಕೆ ಹಾಕಿ, ಕೋಟಿಗೆ ದಾರದ ಕುಣಿಕೆ ಹೊಲಿದುಕೊಟ್ಟೆ. ಕೊಕ್ಕೆ ಸಣ್ಣವು, ಅವರ ದಪ್ಪ ಬೆರಳಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಎಲ್ಲಿಗೆ ಹೋಗುವುದಾದರೂ ಕೋಟನ್ನು ನನ್ನ ಅಂಗಡಿಯಲ್ಲೇ ಬಿಟ್ಟಿರುತ್ತಿದ್ದರು. ನಾನು ಪದಕ ಒರೆಸಿ, ಸಿಕ್ಕಿಸಿ, ತೊಡಿಸಬೇಕು. ಊರಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು.

ಅವರದೊಂದು ರೂಢಿ ಇತ್ತು; ಅವರ ಗುರುವಿನಿಂದ ಬಂದದ್ದಂತೆ. ಎದೆ ತುಂಬಿದ ಮೇಲೆ ಹೊಸ ಪದಕವೊಂದು ಬಂದರೆ ಅದೇ ವೇದಿಕೆಯ ಮೇಲೆ ಹಳೆಯದೊಂದನ್ನು ತೆಗೆದು ಕಿರಿಯ ಪಾರ್ಟುದಾರನೊಬ್ಬನಿಗೆ ಕೊಟ್ಟುಬಿಡುವುದು. ಪಡೆಯುವುದಷ್ಟೇ ಕಲಿತವನು ಭಿಕ್ಷುಕ ಎನ್ನುತ್ತಿದ್ದರು. ಹಾಗಾಗಿ ಪದಕ ಬಂದಷ್ಟೂ ಬಂದವು, ಲೆಕ್ಕ ಮಾತ್ರ ಇಪ್ಪತ್ತೇಳು ದಾಟಲಿಲ್ಲ. ಹೊಸದನ್ನು ಮೇಲಿನ ಸಾಲುಗಳಿಗೆ ಸೇರಿಸಿ ಹಳೆಯದೊಂದನ್ನು ಕೆಳಗಿಳಿಸುತ್ತಿದ್ದೆ, ಕೊಡುವುದು ಯಾವಾಗಲೂ ಕೆಳಗಿನ ಸಾಲಿನದು. ಅದನ್ನು ಬಿಚ್ಚುವುದಕ್ಕೆ ಅವರಿಗೆ ಸುಲಭವಾಗಲೆಂದು ಆ ಸಾಲಿನ ನಾಲ್ಕಕ್ಕೆ ಮಾತ್ರ ದೊಡ್ಡ ಕೊಕ್ಕೆ ಹಾಕಿದ್ದೆ.

ಯುದ್ಧದ ವರ್ಷಗಳಲ್ಲಿ ಟಾಕಿಯವರು ಕರೆಯಲಿಲ್ಲ. ಫಿಲ್ಮು ಸಿಗುತ್ತಿಲ್ಲ ಎಂದರು. ನನಗೂ ಬಟ್ಟೆ ಸಿಗುತ್ತಿರಲಿಲ್ಲ, ಹಳೇ ಕೋಟುಗಳನ್ನು ಒಳಹೊರಗು ತಿರುವಿ ಹೊಲಿದು ಸಂಸಾರ ನಡೆಸಿದೆ. ಮೇಷ್ಟ್ರು ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸಲು ಹೋಗತೊಡಗಿದರು. ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ, ಅದು ಕೈಕೊಟ್ಟರೆ ಗಾಡಿಯಲ್ಲಿ. ಕಬ್ಬು ಕಡಿದು ಬಂದ ಗೌಡರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರಾಜರ ಹಾಗೆ ನಡೆಯುವುದನ್ನು ಕಲಿಸುತ್ತಿದ್ದರು. ಕಿರೀಟ ಕಟ್ಟಿಕೊಡಲು ಜೊತೆಗೆ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ರಟ್ಟು ಕತ್ತರಿಸಿ ಬೇಗಡೆ ಅಂಟಿಸುವ ಕೆಲಸ ನಾನು ಕಲಿತದ್ದು ಹೀಗೆ. ಕಿರೀಟ ತಲೆಗಿಟ್ಟ ಕೂಡಲೇ ಎಲ್ಲರೂ ಆಟದ ಸಾಮಾನಿನಂತೆ ಅಲ್ಲಾಡಿಸುತ್ತಿದ್ದರು. ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: “ಅದು ರಟ್ಟು ಅಂತ ನಿಂಗೊತ್ತು, ನಂಗೊತ್ತು. ಅದರ ಭಾರ ನಿನ್ನ ಕತ್ತಲ್ಲಿ ಕಾಣ್ಬೇಕು ಕಣಪ್ಪ.”

ಈ ಮಾತನ್ನು ಸರಿಯಾಗಿ ಹಿಡಿದವನು ನಮ್ಮ ತಾಲ್ಲೂಕಿನ ಕೊಪ್ಪದ ಬೋರೇಗೌಡ. ಓದಿದವನಲ್ಲ, ಮಾತಾಡಿದರೆ ಎಮ್ಮೆ ಅಟ್ಟಿದ ಹಾಗೆ. ಕಿರೀಟ ಇಟ್ಟು ನಿಲ್ಲಿಸಿದರೆ ನಮ್ಮ ಮೈ ಜುಮ್ಮೆನ್ನುತ್ತಿತ್ತು. ಇವನ ಪಾರ್ಟು ಬಂದಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಯಾಕೆ ಎಂದರೆ, ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ ಎನ್ನುತ್ತಿದ್ದರು.

ಮೇಷ್ಟ್ರ ಕಾಯಿಲೆ ಊರಿಗಿಂತ ಮೊದಲು ಗೊತ್ತಾದದ್ದು ನನ್ನ ಟೇಪಿಗೆ. ಮೂವತ್ತೆಂಟು ಮೂವತ್ತಾರಾಯಿತು. ಯುದ್ಧದಲ್ಲಿ ಯಾರು ತಾನೇ ದಪ್ಪಗಾದರು ಎಂದುಕೊಂಡೆ. ಮೂವತ್ತಮೂರಾಯಿತು. ಎದೆ ಉಬ್ಬಿಸುವ ಆಟ ನಿಂತೇ ಹೋಯಿತು, ಉಸಿರು ಎಳೆದುಕೊಂಡರೆ ಕೆಮ್ಮು ಬರುತ್ತಿತ್ತು. ಸ್ವಾತಂತ್ರ್ಯ ಬಂದ ವರ್ಷ ಮೂವತ್ತೊಂದು. ಕೋಟಿನ ಒಳಗೆ ಹತ್ತಿ ತುಂಬುತ್ತ ಹೋದೆ. ಹೊರಗಿನಿಂದ ನೋಡಿದವರಿಗೆ ಮೇಷ್ಟ್ರು ಹಾಗೇ ಇದ್ದರು.

ಆ ವರ್ಷ ಮಂಡ್ಯದವರು ಸನ್ಮಾನ ಇಟ್ಟುಕೊಂಡರು. ಬಿನ್ನವತ್ತಳೆ, ಶಾಲು, ಚಿನ್ನದ ನೀರು ಕೊಟ್ಟ ಪದಕ. ಕಾಗದದಲ್ಲಿ, ದಯವಿಟ್ಟು ಪದಕಗಳ ಸಮೇತ ಚಿತ್ತೈಸಬೇಕು ಎಂದು ಬರೆದಿದ್ದರು. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿತ್ತು. ಮದರಾಸಿನಿಂದ ಒಬ್ಬರು ಪಿಚ್ಚರಿನವರು ಬರುತ್ತಾರಂತೆ. ಮುದಿ ರಾಜನ ಪಾರ್ಟು ಇದೆಯಂತೆ, ಇವರನ್ನು ನೋಡಿ ಗಟ್ಟಿ ಮಾಡಿಕೊಂಡು ಹೋಗುತ್ತಾರಂತೆ. ಕಾಗದ ಬಂದ ದಿನ ಮೇಷ್ಟ್ರು ಅಂಗಡಿಯಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಅವರ ಎರಡು ಟಾಕಿಯ ರೀಲೂ ಎಲ್ಲೋ ಸುಟ್ಟು ಹೋಗಿದ್ದವು. ನಾಟಕ ನೋಡಿದವರು ಒಬ್ಬೊಬ್ಬರೇ ಸಾಯುತ್ತಾರೆ, ಆಮೇಲೆ ನಾನು ಇದ್ದೆ ಅನ್ನುವುದಕ್ಕೆ ಏನಿದೆ ಎಂದರು. ಒಂದು ಪಿಚ್ಚರು ಸಾಕು, ಅದರಲ್ಲಿ ನಿಂತುಬಿಡುತ್ತೇನೆ ಎಂದರು. ಎಂದೂ ಏನನ್ನೂ ಬೇಡದವರು ಹಾಗೆ ಮಾತಾಡಿದ್ದು ಕೇಳಿ ನನಗೆ ಸಂಕಟವಾಯಿತು.

ನಾಲ್ಕು ದಿನ ಮುಂಚೆ ಕೋಟು ತೊಡಿಸಿ ನೋಡಿದೆ. ಇಪ್ಪತ್ತೇಳೂ ಇದ್ದವು. ಗುಂಡಿ ಹಾಕುವುದರೊಳಗೆ ಅವರ ಮೊಣಕಾಲು ಮಡಚಿತು. ನನ್ನ ಬೆಂಚಿನ ಮೇಲೆ ಕುಸಿದು ಕೂತು ಏದುಸಿರು ಬಿಟ್ಟರು. ಒಂದು ಗಂಟೆ ನಿಲ್ಲಬೇಕಲ್ಲ ಸಾಬ್ರೆ ಎಂದರು. ಐದಾರು ಪದಕ ಮಾತ್ರ ಹಾಕೋಣ ಎಂದೆ. ಅವರ ಮುಖ ಕೆಂಪಾಯಿತು.

“ಯಾರ್ನ ಬುಡ್ಲಿ ಏಳಿ. ಹುಬ್ಬಳ್ಳಿಯೋರ್ನ ಬುಡ್ಲಾ? ಚಿಕ್ಕರಸಿನಕೆರೆ ಅಜ್ಜನ್ನ ಬುಡ್ಲಾ?”

ನಾನು ಕೋಟು ಬಿಚ್ಚಿಸಿಕೊಂಡೆ. ಅವರು ಗೋಡೆ ಹಿಡಿದುಕೊಂಡು ಮನೆಗೆ ಹೋದರು.

ಆಗ ನನಗೆ ಬುದ್ಧಿ ಕೆಟ್ಟಿತು. ಒಳ್ಳೆಯದು ಮಾಡುತ್ತೇನೆ ಎಂದು ಹೊರಟಾಗಲೇ ಮನುಷ್ಯನಿಗೆ ಹೆಚ್ಚು ಬುದ್ಧಿ ಕೆಡುವುದು. ಮೂರು ದಿನ ಬೇರೆ ಕೆಲಸ ಮುಟ್ಟದೆ, ಒಂದೊಂದು ಪದಕವನ್ನೂ ರಟ್ಟಿನ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದೆ. ಅಕ್ಕಿಗಂಜಿ ಹಚ್ಚಿ ಬೇಗಡೆ ಅಂಟಿಸಿದೆ. ಸೂಜಿಯ ಹಿಂಭಾಗದಿಂದ ಅಕ್ಷರ ಒತ್ತಿದೆ. ಮಾರು ದೂರ ನಿಂತು ನೋಡಿದರೆ ನನಗೇ ವ್ಯತ್ಯಾಸ ತಿಳಿಯಲಿಲ್ಲ. ಕೆಳಗಿನ ಸಾಲಿನ ನಾಲ್ಕನ್ನು ನಿಜದ್ದೇ ಬಿಟ್ಟೆ. ನಡೆದರೆ ಸದ್ದಾಗಬೇಕಲ್ಲ, ಹೊಸದು ಬಂದಾಗ ಅವರು ತೆಗೆದುಕೊಡುವುದೂ ಆ ಸಾಲಿನಿಂದಲೇ. ಉಳಿದ ಇಪ್ಪತ್ತಮೂರು ಬೆಳ್ಳಿಯವನ್ನು ತಗಡಿನ ಡಬ್ಬಿಗೆ ಹಾಕಿ ನಮ್ಮಾಕೆಯ ಬಟ್ಟೆಪೆಟ್ಟಿಗೆಯಲ್ಲಿಟ್ಟೆ. ಸನ್ಮಾನ ಮುಗಿದ ಮೇಲೆ ಮತ್ತೆ ಹಾಕಿಬಿಟ್ಟರೆ ಅವರಿಗೆ ತಿಳಿಯುವುದೇ ಇಲ್ಲ ಎಂದುಕೊಂಡೆ. ಹೇಳಿದರೆ ಒಪ್ಪುವವರಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದೇ ನನ್ನ ತಪ್ಪು.

ಮಧ್ಯಾಹ್ನದ ರೈಲಿಗೆ ಹೊರಟೆವು. ಕೋಟು ತೊಡಿಸಿದಾಗ ಅವರು ಎರಡು ಹೆಜ್ಜೆ ನಡೆದು ನಿಂತರು. ತೋಳು ಎತ್ತಿ ಇಳಿಸಿದರು. ರೈಲಿನಲ್ಲಿ ಕೂರಿ ಎಂದರೆ ಕೂರಲಿಲ್ಲ, ಬಾಗಿಲ ಹತ್ತಿರ ನಿಂತು ಕಬ್ಬಿನ ಗದ್ದೆ ನೋಡುತ್ತಿದ್ದರು. ಹನಕೆರೆ ದಾಟಿದ ಮೇಲೆ ನನ್ನ ಕಡೆ ತಿರುಗಿದರು. ಅಂಥ ಮುಖವನ್ನು ನಾನು ವರ್ಷಗಳಿಂದ ನೋಡಿರಲಿಲ್ಲ.

“ಸಾಬ್ರೆ, ಕೋಟು ಮೈಮೇಲೆ ಇದ್ದಂಗೇ ಇಲ್ಲ ಕಣ್ರಿ. ವಾಸಿಯಾಯ್ತಾ ಐತೆ. ನಂಗೆ ವಾಸಿಯಾಯ್ತಾ ಐತೆ.”

ಆಗಲೇ ಹೇಳಬೇಕಿತ್ತು. ಮಂಡ್ಯ ಇನ್ನೂ ಎರಡು ಮೈಲಿ ಇತ್ತು, ಹೇಳುವುದಕ್ಕೆ ಬೇಕಾದಷ್ಟು ಸಮಯ. ಅದರ ಬದಲು, ಹೌದು ಮೇಷ್ಟ್ರೇ, ಮುಖಕ್ಕೆ ಬಣ್ಣ ಬಂದಿದೆ ಅಂದುಬಿಟ್ಟೆ.

ಚಪ್ಪರ ತುಂಬಿತ್ತು. ಮದ್ದೂರು, ಮಳವಳ್ಳಿ, ಕೊಪ್ಪ, ಎಲ್ಲ ಕಡೆಯಿಂದಲೂ ಜನ ಬಂದಿದ್ದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಮದರಾಸಿನವರು. ಮೇಷ್ಟ್ರು ವೇದಿಕೆಗೆ ಮೆಟ್ಟಿಲು ಹತ್ತಿದ್ದು ನೋಡಬೇಕಿತ್ತು, ಇಪ್ಪತ್ತು ವರ್ಷದ ಹಿಂದಿನ ರಾಜ. ಬಿನ್ನವತ್ತಳೆ ಓದುವಷ್ಟು ಹೊತ್ತೂ ನಿಂತೇ ಇದ್ದರು. ಶಾಲು ಹೊದಿಸಿದರು, ಹೊಸ ಪದಕ ತೊಡಿಸಿದರು. ಮದರಾಸಿನವರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ತಲೆದೂಗಿದರು. ನಾನು ರಂಗದ ಪಕ್ಕದಲ್ಲಿ ನಿಂತು, ಅಲ್ಲಾ, ಇದೊಂದು ದಾಟಿಸಿಬಿಡು ಎಂದು ಬೇಡಿಕೊಳ್ಳುತ್ತಿದ್ದೆ.

ಮೇಷ್ಟ್ರು ಬೋರೇಗೌಡನನ್ನು ಮೇಲಕ್ಕೆ ಕರೆದರು. ಅವನು ತಲೆಬಗ್ಗಿಸಿಕೊಂಡು ಬಂದು ನಿಂತ. ನಾನು ಕೆಳಗಿನ ಸಾಲನ್ನೇ ನೋಡುತ್ತಿದ್ದೆ. ಅವರ ಕೈ ಕೆಳಗೆ ಹೋಗಲಿಲ್ಲ. ಮೇಲಕ್ಕೆ, ಕಾಲರಿನ ಹತ್ತಿರ ಹೋಯಿತು. ನನಗಿರುವುದರಲ್ಲಿ ದೊಡ್ಡದು ಇದು, ಇದನ್ನು ಇನ್ನು ಇವನು ಇಟ್ಟುಕೊಳ್ಳಲಿ ಎಂದು ಸಭೆಗೆ ಹೇಳುತ್ತ, ಸಣ್ಣ ಕೊಕ್ಕೆಯೊಡನೆ ಗುದ್ದಾಡಿ, ಚಿಕ್ಕರಸಿನಕೆರೆಯ ಮುದುಕನ ಎಂಟಾಣೆಯನ್ನು ಬಿಚ್ಚಿದರು.

ಬಿಚ್ಚಿದ ಕೈ ಹಾಗೇ ನಿಂತಿತು. ಹೆಬ್ಬೆರಳಿನಿಂದ ಒತ್ತಿ ನೋಡಿದರು. ರಟ್ಟು ಬಾಗಿತು. ತಲೆ ಬಗ್ಗಿಸಿ ತಮ್ಮ ಎದೆಯನ್ನು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ, ಹೊಡೆದಿದ್ದರೆ ನಾನು ಇಷ್ಟು ವರ್ಷ ನೆನಪಿಡುತ್ತಿರಲಿಲ್ಲವೇನೋ. ರೈಲಿನಲ್ಲಿ ಆ ಮುಖದಲ್ಲಿ ಇದ್ದದ್ದು ಆರಿಹೋಯಿತು. ತನಗೆ ವಾಸಿಯಾಗಿಲ್ಲ ಎಂದು ಅವರಿಗೆ ತಿಳಿದದ್ದು ಆ ಗಳಿಗೆಯಲ್ಲಿ.

ಮುಂದೆ ಕೂತವರಲ್ಲಿ ಯಾರೋ ಕಂಡುಹಿಡಿದುಬಿಟ್ಟ. ರಟ್ಟು ಕಣ್ಲಾ ಅದು ಎಂದ. ಗುಜುಗುಜು ಹಿಂದಿನ ತನಕ ಹರಡಿತು. ಬೆಳ್ಳಿ ಎಲ್ಲಿಗೆ ಹೋಯಿತು ಎಂದು ಒಬ್ಬ ಕೂಗಿದ. ಇನ್ನೊಬ್ಬ ಎದ್ದು ನಿಂತು ನನ್ನ ಕಡೆ ಕೈ ತೋರಿಸಿದ. “ಕೋಟು ಇರಾದು ಆ ಸಾಬ್ನ ಅಂಗ್ಡೀಲಿ ಅಲ್ವೇನ್ಲಾ?”

ದೇಶ ಎರಡಾದ ಆ ವರ್ಷ ಉತ್ತರದ ಕಡೆಯಿಂದ ಪೇಪರಿನಲ್ಲಿ ಬರುತ್ತಿದ್ದ ಸುದ್ದಿ ಓದಲಾಗುತ್ತಿರಲಿಲ್ಲ. ನಮ್ಮ ಕಡೆ ಏನೂ ಆಗಿರಲಿಲ್ಲ. ಆದರೂ ಅಂಗಡಿಗೆ ಬಂದವರು ನನ್ನನ್ನು ಕಂಡು ಮಾತು ನಿಲ್ಲಿಸುವುದು ಶುರುವಾಗಿತ್ತು. ಈಗ ಅಷ್ಟು ಜನರ ಕಣ್ಣು ಒಟ್ಟಿಗೆ ನನ್ನ ಮೇಲೆ ಬಿತ್ತು.

ಮೇಷ್ಟ್ರು ನಕ್ಕರು. ಕಂಪನಿಯ ಕಾಲದ, ಕೊನೆಯ ಸಾಲಿಗೂ ಕೇಳುವ ನಗು. ಆಮೇಲೆ ರಂಗದ ಭಾಷೆಯಲ್ಲಿ, ಒಂದೊಂದು ಅಕ್ಷರವನ್ನೂ ತೂಗಿ ಮಾತಾಡಿದರು.

“ಮಹಾಜನಗಳೇ, ಇದು ರಟ್ಟು. ನಾನೇ ಮಾಡಿಸಿದೆ. ನೀವು ಕೊಟ್ಟ ಬೆಳ್ಳಿ ನನ್ನ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಅದನ್ನು ಹೊರುವ ಶಕ್ತಿ ಈ ಎದೆಯಲ್ಲಿ ಉಳಿದಿಲ್ಲ. ನನಗೆ ಕ್ಷಯ. ನಿಮ್ಮ ಮುಂದೆ ಗಟ್ಟಿಮುಟ್ಟಾಗಿ ಕಾಣುವ ಆಸೆಗೆ ಬಿದ್ದು ಹೀಗೆ ಮಾಡಿದೆ. ತಪ್ಪು ನನ್ನದು, ಕ್ಷಮಿಸಬೇಕು.”

ಮೇಷ್ಟ್ರು ರಟ್ಟಿನ ಎಂಟಾಣೆಯನ್ನು ಬೋರೇಗೌಡನ ಅಂಗಿಯ ಗುಂಡಿಗೆ ಸಿಕ್ಕಿಸಿ, ಇವತ್ತಿಗೆ ಇದಿರಲಿ, ನಿಜದ್ದು ನಾಳೆ ನಿನ್ನ ಮನೆಗೆ ಬರುತ್ತದೆ ಎಂದರು. ಮದರಾಸಿನವರು ಮಂಗಳಾರತಿಗೆ ಮುಂಚೆಯೇ ಎದ್ದು ಹೋದರು. ಅವರು ಹೋದದ್ದನ್ನು ಮೇಷ್ಟ್ರು ನೋಡಿದರು. ಕತ್ತು ಮಾತ್ರ ನೆಟ್ಟಗೇ ಇತ್ತು.

ಬೆಳ್ಳಿ ಎಲ್ಲಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ ನೋಡಿ. ನಾನು ಮಾರಿಕೊಂಡು ತಿಂದಿರಬಹುದಿತ್ತು. ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದರು. ಮದ್ದೂರಿನಲ್ಲಿ ಇಳಿದ ಮೇಲೆ, ಬೆಳ್ಳಿ ತಂದು ನನ್ನ ಮನೆಯ ಪೆಟ್ಟಿಗೆಯಲ್ಲಿ ಇಟ್ಟುಬುಡಿ, ನಾನಾಡಿದ ಮಾತು ಸುಳ್ಳಾಗಬಾರದು ಎಂದರು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ. ನಿಜ ಏನೆಂದು ಊರಿಗೆಲ್ಲ ಹೇಳುತ್ತೇನೆ ಎಂದೆ. ಅವರು ನನ್ನ ತೋಳು ಹಿಡಿದುಕೊಂಡರು.

“ಏಳ್ಬ್ಯಾಡಿ. ಕರುಣೆಯಿಂದ ಮಾಡ್ದೆ ಅಂದ್ರೆ ಯಾರು ನಂಬ್ತಾರೆ? ಬೆಳ್ಳಿ ನುಂಗಾಕೆ ಮಾಡ್ದ, ಸಿಕ್ಕಾಕೊಂಡ ಅಂತಾರೆ. ನನ್ನ ಎಸ್ರು ಇನ್ನೆಷ್ಟು ದಿನ ಸಾಬ್ರೆ? ನಿಮ್ಮ ಅಂಗ್ಡಿ ಇನ್ನೂ ನಡೀಬೇಕು.”

ಮಾರನೆಯ ದಿನ ನಿಜವಾದ ಎಂಟಾಣೆ ಪದಕವನ್ನು ಕೊಪ್ಪಕ್ಕೆ ತೆಗೆದುಕೊಂಡು ಹೋಗಿ ಬೋರೇಗೌಡನ ಕೈಯಲ್ಲಿಟ್ಟೆ. ಅವನು ಕಣ್ಣಿಗೊತ್ತಿಕೊಂಡು ಒಳಗಿಟ್ಟ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ವಾರ ಕಳೆಯುವುದರೊಳಗೆ ಅವರಿಗೆ ರಟ್ಟಿನ ಪದಕದ ಮೇಷ್ಟ್ರು ಎಂದು ಹೆಸರಾಯಿತು. ಕ್ಷಯ ಎಂದು ಹೇಳಿದ್ದನ್ನು ಜನ ಮರೆತರು, ರಟ್ಟನ್ನು ನೆನಪಿಟ್ಟುಕೊಂಡರು. ಬೆಳ್ಳಿಯನ್ನು ಎಂದೋ ಮಾರಿ ಕುಡಿದಿದ್ದ ಎಂದೂ ಹೇಳಿದರು; ಆ ಮನುಷ್ಯ ಕಾಫಿ ಬಿಟ್ಟು ಬೇರೆ ಕುಡಿದವರಲ್ಲ. ನಾನು ಅಂಗಡಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡೆ. ಮಿಷನ್ನು ತುಳಿದೆ. ಅವರು ಬದುಕಿರುವ ತನಕ ಅವರ ಮಾತಿಗೆ ಕಟ್ಟುಬಿದ್ದಿದ್ದೆ, ಸರಿ. ಅವರು ಹೋದ ಮೇಲೆ ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ. ಮಗಳ ಮದುವೆ ಆಗಲಿ ಎಂದೆ, ಮಗ ಅಂಗಡಿ ಹಿಡಿಯಲಿ ಎಂದೆ. ಹಾಗೇ ನಲವತ್ತು ವರ್ಷ ನಡೆಯಿತು. ಅಂಗಡಿಯೂ ಚೆನ್ನಾಗಿ ನಡೆಯಿತು.

ಮುಂದಿನ ಸಂಕ್ರಾಂತಿಗೂ ಅವರು ಉಳಿಯಲಿಲ್ಲ. ಕೊನೆಯ ಸಲ ನೋಡಲು ಹೋದಾಗ ಚಾಪೆಯ ಮೇಲೆ ಮಲಗಿದ್ದರು. ಅಳತೆ ತಗೊಳ್ಳಿ ಸಾಬ್ರೆ, ಈಗ ಎಷ್ಟಿದೆ ನೋಡೋಣ ಎಂದು ತಮಾಷೆ ಮಾಡಿದರು. ನಾನು ಟೇಪು ತೆಗೆಯಲಿಲ್ಲ. ಹೊರಡುವಾಗ ಕರೆದು, ಬಹಳ ಮೆಲ್ಲಗೆ ಒಂದು ಮಾತು ಹೇಳಿದರು.

“ಕೊನೇ ದಿನ ಅಸಲೀದೇ ಆಕಿ. ಆವತ್ತು ಒರಾಕೆ ನಾಲ್ಕು ಜನ ಇರ್ತಾರೆ.”

ಹೋದ ದಿನ ಬೆಳಿಗ್ಗೆ ಅವರ ಹೆಂಡತಿ ಹೇಳಿ ಕಳಿಸಿದರು. ಬೇರೆ ಜಾತಿಯವನು ಹೆಣ ಮುಟ್ಟುವುದೇ ಎಂದು ನೆಂಟರಲ್ಲಿ ಯಾರೋ ಗೊಣಗಿದರು. ಆ ತಾಯಿ ಅಳುವುದನ್ನು ನಿಲ್ಲಿಸಿ, “ಅವ್ರೇ ಏಳೋಗವ್ರೆ. ಸಾಬ್ರೇ ತೊಡಿಸ್ಲಿ,” ಎಂದರು. ಕೋಟಿನ ಹತ್ತಿಯನ್ನೆಲ್ಲ ಕಿತ್ತು ಹಾಕಿದೆ. ತೊಡಿಸಿದೆ. ಪೆಟ್ಟಿಗೆಯಿಂದ ಒಂದೊಂದೇ ಪದಕ ತೆಗೆದು ಸಾಲು ಸಾಲಾಗಿ ಸಿಕ್ಕಿಸಿದೆ. ಚಿನ್ನದ ನೀರಿನ ಹೊಸದನ್ನು ಪೆಟ್ಟಿಗೆಯಲ್ಲೇ ಬಿಟ್ಟೆ; ಕಾಲರಿನ ಹತ್ತಿರದ ಕುಣಿಕೆ ಖಾಲಿ ಉಳಿಯಿತು.

ಅಷ್ಟು ಹೊತ್ತಿಗೆ ಕೊಪ್ಪದಿಂದ ಬೋರೇಗೌಡ ಬಂದ. ಅಂಗಿಯ ಮೇಲೆ ರಟ್ಟಿನ ಪದಕ ಇತ್ತು, ಬೇಗಡೆ ಅಲ್ಲಲ್ಲಿ ಎದ್ದಿತ್ತು. ಸೊಂಟದ ಗಂಟಿನಿಂದ ಬೆಳ್ಳಿ ಎಂಟಾಣೆಯನ್ನು ತೆಗೆದು ನನ್ನ ಕೈಗಿಟ್ಟ. “ಇದ ಅವರ್ಗೇ ಆಕಿ. ನಂಗೆ ಅವ್ರು ಕೈಯಾರ ಆಕಿದ್ದು ಇದು, ಇದೇ ಸಾಕು.” ನನಗೆ ತಡೆಯಲಾಗಲಿಲ್ಲ. ಆ ರಟ್ಟು ನನ್ನ ಕೆಲಸ, ಅವರಿಗೆ ತಿಳಿದೇ ಇರಲಿಲ್ಲ ಎಂದು ಅವನಿಗೆ ಮಾತ್ರ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಸುತ್ತ ಜನ ಇದ್ದರು. ಮುಚ್ಚಿಕೊಂಡೆ.

ಎಂಟಾಣೆಯನ್ನು ಕುಣಿಕೆಗೆ ಸಿಕ್ಕಿಸುವಾಗ ಕೆಳಗೆ ಅವರ ಎದೆಯ ಆ ಕಲೆಯೇ ಇದೆ ಎಂದು ನೆನಪಾಯಿತು. ಕೊಕ್ಕೆ ತಾಗದ ಹಾಗೆ ಒಳಗೆ ಬೆರಳಿಟ್ಟು ಸಿಕ್ಕಿಸಿದೆ. ಈ ಸಲ ಚುಚ್ಚಿದರೂ ಉಸ್ ಅನ್ನುತ್ತಿರಲಿಲ್ಲ.

ಚಟ್ಟಕ್ಕೆ ನಾನೂ ಒಂದು ಹೆಗಲು ಕೊಟ್ಟೆ. ಮುಂದಿನ ಹೆಗಲು ಬೋರೇಗೌಡನದು, ದಿನವೂ ಕಬ್ಬಿನ ಹೊರೆ ಹೊರುವವನು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಅವನಿಗೆ ಏದುಸಿರು ಬಂತು. ತಿರುಗಿ ನನ್ನ ಕಡೆ ನೋಡಿದ.

“ಎಷ್ಟ್ ಭಾರ ಅವ್ರಲ್ಲಾ ಸಾಬ್ರೆ!”

“ಎಲ್ಲಾ ಅಸಲಿ ಕಣಪ್ಪ,” ಅಂದೆ.